ಸಂಪಾದಕರ ಉತ್ತರ: ಅಮಾಲಿಯಾ ಅವರ ಪ್ಲೇಟುಗಳಲ್ಲಿ ಉಳಿದದ್ದೇನು?

ಕಾರವಾರದ ಓದುಗರೊಬ್ಬರ ಪತ್ರದಿಂದ:

“ಕಳೆದ ಸಂಚಿಕೆಯಲ್ಲಿ ಪೋರ್ಚುಗಲ್‌ನ ಫಾಡೊ ಗಾಯನದ ಬಗ್ಗೆ ಬರೆಯುತ್ತ ಅಮಾಲಿಯಾ ರೊಡ್ರಿಗಿಶ್ ಅವರ ಧ್ವನಿಮುದ್ರಿಕೆಗಳನ್ನು ಕೊಂಡಾಡಿದ್ದೀರಿ. ನಾನು ಪಣಜಿಯಲ್ಲಿ ಫಾಡೊ ಕೇಳಿದವನು. ದೀಪ ತಗ್ಗಿಸಿದ ಸಣ್ಣ ಕೋಣೆಯಲ್ಲಿ, ಮೈಕಿಲ್ಲದೆ, ಎದುರಿಗೆ ಕೂತು ಕೇಳಬೇಕಾದ ಸಂಗೀತ ಅದು. ಪ್ಲೇಟಿಗೆ ಇಳಿಸಿದ ಮೇಲೆ ಅದರಲ್ಲಿ ಉಳಿಯುವುದೇನು? ಇನ್ನೊಂದು ಮಾತು. ಈಕೆ ಪೋರ್ಚುಗಲ್ ಆಳಿದ ಸಲಾಜಾರನ ಸರ್ವಾಧಿಕಾರಕ್ಕೆ ಕಂಠ ಕೊಟ್ಟವರು ಎಂಬ ಆರೋಪವಿದೆ. ನೀವು ಅದನ್ನು ಮುಟ್ಟಲೇ ಇಲ್ಲ. ಕೊನೆಗೆ, ಇಷ್ಟೊಂದು ಪ್ಲೇಟುಗಳಲ್ಲಿ ಯಾವುದರಿಂದ ಶುರು ಮಾಡಲಿ?”

ನಮಸ್ಕಾರ.

ಪ್ಲೇಟಿನ ಬಗ್ಗೆ ನಿಮಗಿರುವ ಅನುಮಾನ ಅಮಾಲಿಯಾ ಅವರ ವ್ಯವಸ್ಥಾಪಕ ಜೊಸೆ ದ ಮೆಲು ಅವರಿಗೂ ಇತ್ತು, ಕಾರಣ ಮಾತ್ರ ಬೇರೆ. 1939ರಲ್ಲಿ ಲಿಸ್ಬನ್‌ನ ‘ರೆತೀರು ದ ಸೆವೇರ’ ಎಂಬ ಫಾಡೊ ಮನೆಯಲ್ಲಿ ಹಾಡಲು ನಿಂತ ಈ ಹುಡುಗಿ, ಬಂದರಿನಲ್ಲಿ ಹಣ್ಣು ಮಾರಿ, ಕಸೂತಿ ಹಾಕಿ ಬೆಳೆದವರು, ಬಹುಬೇಗ ಊರೆಲ್ಲ ಮಾತಾಡುವ ಗಾಯಕಿಯಾದರು. ಆದರೂ 1945ರವರೆಗೆ ಅವರದೊಂದು ಪ್ಲೇಟೂ ಹೊರಬರಲಿಲ್ಲ. ಹಾಡು ಮನೆಯಲ್ಲೇ ಕೇಳಸಿಕ್ಕರೆ ದುಡ್ಡು ಕೊಟ್ಟು ಫಾಡೊ ಮನೆಗೆ ಬರುವವರು ಯಾರು ಎಂಬುದು ಮೆಲು ಅವರ ಲೆಕ್ಕಾಚಾರ. ಕೊನೆಗೆ ಮುದ್ರಣ ನಡೆದದ್ದು ಸಾಗರದಾಚೆ ರಿಯೊ ಡಿ ಜನೈರೊದಲ್ಲಿ, ಬ್ರೆಜಿಲ್‌ನ ಕಾಂಟಿನೆಂಟಲ್ ಕಂಪನಿಗೆ. ಎಂಟು ಪ್ಲೇಟು, ಹದಿನಾರು ಹಾಡು. ಪೋರ್ಚುಗಲ್‌ನ ಧ್ವನಿ ಎಂದು ಜಗತ್ತು ಮುಂದೆ ಕರೆದ ಕಂಠ ಮೊದಲು ಮೇಣಕ್ಕೆ ಇಳಿದದ್ದು ಪರದೇಶದಲ್ಲಿ.

ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟುಗಳ ವಿಷಯದಲ್ಲಿ ನಿಮ್ಮ ದೂರನ್ನು ನಾನು ಅರ್ಧ ಒಪ್ಪುತ್ತೇನೆ. ಒಂದು ಬದಿಗೆ ಮೂರು ನಿಮಿಷ ಸಿಕ್ಕರೆ ಹೆಚ್ಚು. ಫಾಡೊ ಮನೆಯಲ್ಲಿ ಗಾಯಕಿ ಒಂದು ಸಾಲನ್ನು ಹಿಡಿದು ನಿಲ್ಲಿಸುತ್ತಾಳೆ, ಗಿಟಾರಿನವರು ಕಾಯುತ್ತಾರೆ, ಕೇಳುವವರು ಉಸಿರು ಹಿಡಿಯುತ್ತಾರೆ. ಆ ಪ್ಲೇಟಿನಲ್ಲಿ ಇಷ್ಟಕ್ಕೆಲ್ಲ ಜಾಗವಿಲ್ಲ. ಆದರೂ ಆ ಅವಸರದಲ್ಲೇ ಅಮಾಲಿಯಾ ಸ್ವರವನ್ನು ಸುತ್ತಿಸಿ, ಬಳುಕಿಸಿ ಇಳಿಸುವ ರೀತಿ ಕೇಳಿಸುತ್ತದೆ. ಅವರ ತಂದೆ ತಾಯಿ ಬೈರ ಬೈಶ ಸೀಮೆಯವರು. ಅಲ್ಲಿನ ಹಳ್ಳಿ ಹಾಡುಗಳ ತಿರುವು ಅದರಲ್ಲಿದೆ. ಇದು ಸ್ಪೇನಿನ ಚಾಳಿ, ಫಾಡೊ ಅಲ್ಲ ಎಂದು ಸಂಪ್ರದಾಯಸ್ಥರು ಆಗ ಮೂಗು ಮುರಿದಿದ್ದರು.

1950ರ ದಶಕದಲ್ಲಿ ಅವರು ಲಿಸ್ಬನ್‌ನ ವಾಲೆಂತಿಂ ದ ಕರ್ವಾಲ್ಯು ಕಂಪನಿಯ ಕೈಹಿಡಿದರು. ಒಳ್ಳೆಯ ಮುದ್ರಣ ಬೇಕೆಂದು ಕಂಪನಿಯವರು 1952ರಲ್ಲಿ ಅವರನ್ನು ಲಂಡನ್‌ನ ಆ್ಯಬಿ ರೋಡ್ ಸ್ಟುಡಿಯೊಗೆ ಕರೆದೊಯ್ದರು. ಬೀಟಲ್ಸ್ ಹುಡುಗರು ಆ ಬಾಗಿಲು ದಾಟುವುದಕ್ಕೆ ಇನ್ನೂ ಹತ್ತು ವರ್ಷ ಇತ್ತು. ಆಮೇಲೆ ‘ಟೇಗಸ್ ನದಿಯ ಪ್ರೇಮಿಗಳು’ ಎಂಬ ಫ್ರೆಂಚ್ ಚಿತ್ರ, ಅದರಲ್ಲಿ ಹಾಡಿದ ‘ಬಾರ್ಕು ನೇಗ್ರು’, ಪ್ಯಾರಿಸ್‌ನ ಒಲಿಂಪಿಯಾ ರಂಗಮಂದಿರ, ಅಮೆರಿಕದ ಎಲ್‌ಪಿ (ಹೆಚ್ಚು ಹೊತ್ತು ಹಾಡುವ ದೊಡ್ಡ ಪ್ಲೇಟು), ಹೀಗೆ ಹೆಸರು ದೇಶ ದೇಶ ಸುತ್ತಿತು. ಈ ಭಾಗವನ್ನು ಎಲ್ಲರೂ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ. ‘ಬಾರ್ಕು ನೇಗ್ರು’ ಬಗ್ಗೆ ಮಾತ್ರ ಒಂದು ಮಾತು. ಅದರ ಮೂಲ ಬ್ರೆಜಿಲ್‌ನ ‘ಮೈಂ ಪ್ರೇತ’. ಬಿಳಿಯ ಯಜಮಾನನ ಕೂಸನ್ನು ತೂಗುವ ಕಪ್ಪು ಗುಲಾಮ ತಾಯಿಯ ಹಾಡು. ಪೋರ್ಚುಗಲ್‌ನ ಸೆನ್ಸಾರ್ ಆ ಸಾಹಿತ್ಯವನ್ನು ನಿಷೇಧಿಸಿತು. ಕವಿ ದವೀದ್ ಮೊರಾಂವ್ ಫೆರೇರ ಅದೇ ಧಾಟಿಗೆ ಕಡಲ ದಂಡೆಯಲ್ಲಿ ಪ್ರಿಯಕರನ ಕರಿ ದೋಣಿಗೆ ಕಾಯುವ ಹೆಣ್ಣಿನ ಪದ್ಯ ಕಟ್ಟಿಕೊಟ್ಟರು. ಅಮಾಲಿಯಾ ಅದನ್ನು ಹಾಡುವುದನ್ನು ಕೇಳಿ. ಅಳಿಸಿಹಾಕಿದ ತಾಯಿಯ ದುಃಖ ಹೊಸ ಪದಗಳ ಅಡಿಯಲ್ಲಿ ಹಾಗೇ ಮಿಡಿಯುತ್ತಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದು. ಫಾಡೊ ಮನೆಯಲ್ಲಿ ಹಾಡಿದ್ದನ್ನು ಪ್ಲೇಟಿಗೆ ನಕಲು ಮಾಡುವುದಷ್ಟೇ ಅಮಾಲಿಯಾ ಅವರ ಕೆಲಸವಾಗಿದ್ದರೆ ನಿಮ್ಮ ಮಾತು ನಿಲ್ಲುತ್ತಿತ್ತು. ಆದರೆ 1962ರ ಎಲ್‌ಪಿಯಿಂದಾಚೆಗೆ ಅವರು ಫಾಡೊ ಮನೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲದಂಥ ಫಾಡೊವನ್ನು ರೆಕಾರ್ಡಿಂಗ್ ಕೋಣೆಯಲ್ಲಿ ಕಟ್ಟಿದರು. ಆ ಎಲ್‌ಪಿಯ ಮೇಲೆ ಅವರ ಶಿಲ್ಪದ ಚಿತ್ರವಿದ್ದುದರಿಂದ ಜನ ಅದನ್ನು ‘ಬುಶ್ಟು’ ಎಂದೇ ಕರೆದರು. ಎದೆಮಟ್ಟದ ಪ್ರತಿಮೆ ಎಂದರ್ಥ.

ಹಳೆಯ ಫಾಡೊದಲ್ಲಿ ಧಾಟಿಗಳು ಗೊತ್ತಾದವು. ಮೆನೊರ್, ಕುರ್ರೀದು, ಮೊರರೀಯ. ಯಾವ ಪದ್ಯವನ್ನಾದರೂ, ಮಾತ್ರೆ ಕೂಡಿದರೆ, ಅದೇ ಧಾಟಿಗೆ ಕೂರಿಸಿ ಹಾಡಬಹುದು. ಎಲ್ಲ ಗಿಟಾರಿನವರಿಗೂ ಅವು ಬೆರಳ ತುದಿಯಲ್ಲಿರುತ್ತವೆ. ಹಾಗಾಗಿಯೇ ಯಾರು ಎದ್ದು ನಿಂತರೂ ಫಾಡೊ ಮನೆಯಲ್ಲಿ ಹಾಡು ನಡೆಯುತ್ತದೆ. ಅಲ್ಯಾಂ ಊಲ್ಮಾನ್ ಎಂಬ ತರುಣ ಈ ರಿವಾಜಿನ ಹೊರಗಿನವರು. ಪೋರ್ಚುಗಲ್‌ನಲ್ಲಿ ನೆಲೆಸಿದ ಫ್ರೆಂಚ್ ಯಹೂದಿ ಮನೆತನದಲ್ಲಿ ಹುಟ್ಟಿ, ಪಿಯಾನೊದ ಮುಂದೆ ಕೂತು ರಾಗ ಹಾಕುತ್ತಿದ್ದವರು. ಒಂದೊಂದು ಕವಿತೆಗೂ ಅದಕ್ಕೇ ಹುಟ್ಟಿದ ಸ್ವರಸಂಚಾರ. ಗಿಟಾರಿನವರಿಗೆ ಕಷ್ಟವಾಯಿತು. ಊಲ್ಮಾನ್ ಹಾಡುಗಳನ್ನು ಅವರು ‘ಒಪೆರಾ’ ಎಂದು ಛೇಡಿಸುತ್ತಿದ್ದರಂತೆ. ಕೂತು ಕಲಿತು, ತಿದ್ದಿ, ಮತ್ತೆ ನುಡಿಸುವ ವ್ಯವಧಾನ ಗಿರಾಕಿಗಳು ಊಟ ಮಾಡುವ ಜಾಗದಲ್ಲಿ ಎಲ್ಲಿಂದ ಬರಬೇಕು? ಅದು ಸಿಕ್ಕಿದ್ದು ಧ್ವನಿಮುದ್ರಣದ ಕೋಣೆಯಲ್ಲಿ. ಅಲ್ಲಿ ಹ್ಯೂಗು ರಿಬೈರು ಎಂಬ ಧ್ವನಿ ತಂತ್ರಜ್ಞರಿದ್ದರು. ಹನ್ನೆರಡು ಲೋಹದ ತಂತಿಗಳ ಪೋರ್ಚುಗೀಸ್ ಗಿಟಾರಿನ ಮಿಂಚೂ ಅಮಾಲಿಯಾ ಅವರ ಪಿಸುಮಾತೂ ಒಂದನ್ನೊಂದು ಮುಚ್ಚದ ಹಾಗೆ ಹಿಡಿಯುವುದು ಅವರಿಗೆ ಗೊತ್ತಿತ್ತು. ಗಾಯಕಿಯ ಹೆಸರಿನ ಜೊತೆ ಈ ಮನುಷ್ಯನ ಹೆಸರೂ ಹೇಳಬೇಕೆಂದು ನನ್ನ ಹಟ.

‘ಬುಶ್ಟು’ವಿನಲ್ಲಿ ಊಲ್ಮಾನ್ ರಾಗಗಳ ಪಕ್ಕದಲ್ಲೇ ಹಳೆಯ ಧಾಟಿಗಳೂ ಇವೆ. ‘ಎಶ್ತ್ರಾನ್ಯ ಫೊರ್ಮ ದ ವೀದ’ ಹಾಡಿಗೆ ಸಾಹಿತ್ಯ ಅಮಾಲಿಯಾ ಅವರದೇ, ಧಾಟಿ ಹಿರಿಯ ಫಾಡೊ ಗಾಯಕ ಅಲ್ಫ್ರೇದು ಮರ್ಸನೈರು ಅವರದು. ಅಂದರೆ ಬೇರನ್ನು ಕಿತ್ತು ಎಸೆದವರಲ್ಲ. 1965ರಲ್ಲಿ ಅವರು ಹದಿನಾರನೆಯ ಶತಮಾನದ ಮಹಾಕವಿ ಕಮೋಯಿಂಶ್‌ನ ಪದ್ಯಗಳನ್ನು ಹಾಡಿ ಸಣ್ಣದೊಂದು ಪ್ಲೇಟು ಮಾಡಿದಾಗ ಲಿಸ್ಬನ್‌ನ ಪಂಡಿತವಲಯ ಎದ್ದು ಕೂತಿತು. ಹೆಂಡದಂಗಡಿಯ ಸಂಗೀತಕ್ಕೆ ರಾಷ್ಟ್ರಕವಿಯೇ ಎಂದು ಪತ್ರಿಕೆಗಳಲ್ಲಿ ವಾಗ್ವಾದ ನಡೆಯಿತು. ಅಮಾಲಿಯಾ ಹಿಂದೆ ಸರಿಯಲಿಲ್ಲ. 1970ರಲ್ಲಿ ಬಂದ ‘ಕೊಂ ಕ್ ವೋಶ್’ ಎಲ್‌ಪಿಯ ಹೆಸರೇ ಕಮೋಯಿಂಶ್‌ನ ಒಂದು ಪದ್ಯದ್ದು. ರಾಗವೆಲ್ಲ ಊಲ್ಮಾನ್. ಬ್ರೆಜಿಲ್‌ನ ಕವಯಿತ್ರಿ ಸೆಸಿಲಿಯಾ ಮೆಯ್ರೆಲಿಶ್, ಅಲೆಶಾಂದ್ರೆ ಓನೀಲ್, ಆರಿ ದುಶ್ ಸಾಂತುಶ್ ಮೊದಲಾದ ಕವಿಗಳೆಲ್ಲ ಅಲ್ಲಿ ಒಂದೇ ಕಂಠದಲ್ಲಿ ಕೂಡುತ್ತಾರೆ. ಒಂದು ಭಾಷೆಯ ಕಾವ್ಯಕ್ಕೆ ಇದಕ್ಕಿಂತ ದೊಡ್ಡ ಸೇವೆ ಸಲ್ಲಿಸಿದ ಪ್ಲೇಟನ್ನು ನಾನು ಕೇಳಿಲ್ಲ.

ಇನ್ನು ಸಲಾಜಾರ್ ವಿಚಾರ. ಸರ್ಕಾರ ಅಮಾಲಿಯಾ ಅವರನ್ನು ಹೊರದೇಶಗಳಲ್ಲಿ ಮೆರೆಸಿತು, ಅವರು ಮೆರೆದರು. ಕೊಟ್ಟ ಗೌರವಗಳನ್ನು ತೆಗೆದುಕೊಂಡರು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವರ ಪ್ಲೇಟುಗಳ ಸಾಕ್ಷಿಯನ್ನೂ ಕೇಳಬೇಕಲ್ಲ. ‘ಬುಶ್ಟು’ವಿನಲ್ಲಿ ‘ಅಬಂದೋನು’ ಎಂಬ ಹಾಡಿದೆ. ಸ್ವತಂತ್ರವಾಗಿ ಯೋಚಿಸಿದ ತಪ್ಪಿಗೆ ರಾತ್ರೋರಾತ್ರಿ ಒಯ್ದು ದೂರದಲ್ಲಿ ಕೂಡಿಹಾಕಿದವನನ್ನು ನೆನೆಯುವ ಹಾಡು. ಅಲ್ಲಿ ನಿನಗೆ ಗಾಳಿಯಾದರೂ ಕೇಳಿಸುತ್ತದಲ್ಲ, ಕಡಲಾದರೂ ಕೇಳಿಸುತ್ತದಲ್ಲ ಎನ್ನುತ್ತಾಳೆ ಆ ಹೆಣ್ಣು. ರಾಜಕೀಯ ಕೈದಿಗಳನ್ನು ಇಡುತ್ತಿದ್ದ ಪೆನೀಶ್ ಕೋಟೆ ಕಡಲಿಗೆ ತಾಗಿಕೊಂಡೇ ಇದೆ. ಜನಕ್ಕೆ ಅರ್ಥವಾಯಿತು, ಹಾಡಿಗೆ ‘ಪೆನೀಶ್ ಫಾಡೊ’ ಎಂದೇ ಹೆಸರಾಯಿತು. ಸೆನ್ಸಾರಿನವರಿಗೂ ಅರ್ಥವಾಯಿತು, ಹಾಡು ನಿಷೇಧವಾಯಿತು. 1966ರಲ್ಲಿ ರಹಸ್ಯ ಪೊಲೀಸರು ಊಲ್ಮಾನ್ ಅವರನ್ನು ಬಂಧಿಸಿ ಫ್ರಾನ್ಸಿಗೆ ಅಟ್ಟಿದರು. ಅಮಾಲಿಯಾ ಮಾತ್ರ ಊಲ್ಮಾನ್ ರಾಗಗಳನ್ನು ಹಾಡುತ್ತಲೇ ಇದ್ದರು. ‘ಕೊಂ ಕ್ ವೋಶ್’ನಲ್ಲಿ ದೇಶಭ್ರಷ್ಟ ಕವಿ ಮನುಯೆಲ್ ಅಲೆಗ್ರೆ ಅವರ ಪದ್ಯವಿದೆ. ಕವಿ ಆಗ ಅಲ್ಜೀರಿಯಾದಲ್ಲಿದ್ದುಕೊಂಡು ಸರ್ವಾಧಿಕಾರದ ವಿರುದ್ಧ ರೇಡಿಯೊದಲ್ಲಿ ಮಾತಾಡುತ್ತಿದ್ದವರು. ಸರ್ಕಾರದ ಗಿಳಿಯಾಗಿದ್ದ ಗಾಯಕಿ ಇಂಥ ಪದ್ಯ ಆರಿಸುವುದಿಲ್ಲ. ಕೈದಿಗಳ ನೆರವಿಗೆ ಅವರು ಗುಟ್ಟಾಗಿ ಹಣ ಕೊಡುತ್ತಿದ್ದರೆಂಬುದು ಆಮೇಲೆ ಹೊರಬಿತ್ತು.

ಸರ್ವಾಧಿಕಾರವನ್ನು ಉರುಳಿಸಿದ 1974ರ ಏಪ್ರಿಲ್ 25ರ ಕ್ರಾಂತಿಯ ನಂತರ ಇದಾವುದೂ ಲೆಕ್ಕಕ್ಕೆ ಬರಲಿಲ್ಲ. ಹಳೆಯ ಆಡಳಿತದವಳು ಎಂಬ ಪಟ್ಟ ಕಟ್ಟಿದರು. ಆ ವರ್ಷವೇ ಅವರು ಕ್ರಾಂತಿಗೆ ಸಂಕೇತವಾಗಿದ್ದ ‘ಗ್ರಾಂದೊಲ’ ಹಾಡನ್ನೂ ಮುದ್ರಿಸಿದರು. ನೋವು ಬಹುಕಾಲ ಉಳಿಯಿತು. ಮುಂದೆ 1990ರಲ್ಲಿ ಅವರಿಗೆ ದೇಶದ ಪದಕ ತೊಡಿಸಿದ ಅಧ್ಯಕ್ಷ ಮಾರಿಯು ಸುವಾರಿಶ್, ಸಲಾಜಾರ್ ಕಾಲದಲ್ಲಿ ಗಡಿಪಾರಾಗಿದ್ದವರು. 1999ರಲ್ಲಿ ತೀರಿಕೊಂಡಾಗ ಮೂರು ದಿನ ರಾಷ್ಟ್ರೀಯ ಶೋಕಾಚರಣೆ. 2001ರಲ್ಲಿ ಅವರನ್ನು ದೇಶದ ಗಣ್ಯರ ಸಮಾಧಿಮಂದಿರವಾದ ರಾಷ್ಟ್ರೀಯ ಪ್ಯಾಂಥಿಯನ್‌ಗೆ ತಂದು ಮಲಗಿಸಿದರು, ಅಲ್ಲಿಗೆ ಸೇರಿದ ಮೊದಲ ಹೆಣ್ಣಾಗಿ.

ಯಾವುದರಿಂದ ಶುರು ಮಾಡಲಿ ಎಂದಿರಲ್ಲ. ‘ಬುಶ್ಟು’ವಿನಿಂದ. ಒಂದೇ ಕೂರಿನಲ್ಲಿ, ಬೇರೆ ಕೆಲಸ ಬಿಟ್ಟು. ಅದು ಹಿಡಿಸಿದರೆ ‘ಕೊಂ ಕ್ ವೋಶ್’. ಅನಂತರವಷ್ಟೇ ಹಿಂದಕ್ಕೆ ಹೋಗಿ 1952ರ ಲಂಡನ್ ಮುದ್ರಣಗಳು. ಜಾನಪದ ಮೆರವಣಿಗೆ ಹಾಡುಗಳ ಪ್ಲೇಟುಗಳನ್ನೂ, ಇಂಗ್ಲಿಷಿನ ಬ್ರಾಡ್‌ವೇ ಹಾಡುಗಳನ್ನೂ ಸದ್ಯಕ್ಕೆ ಬಿಡಿ. ಹಾಡಿಕೆ ಲವಲವಿಕೆಯದೇ, ಆದರೆ ಅವರ ಎತ್ತರ ಅಲ್ಲಿಲ್ಲ.

ಕೊನೆಗೆ 1983ರ ‘ಲಾಗ್ರಿಮ’ವನ್ನು ತಪ್ಪದೆ ಕೇಳಿ. ಸಾಹಿತ್ಯವೆಲ್ಲ ಅಮಾಲಿಯಾ ಅವರದೇ, ರಾಗ ಅವರ ಗಿಟಾರಿಗ ಕಾರ್ಲುಶ್ ಗೊನ್ಸಾಲ್ವಿಶ್ ಅವರದು. ಅರವತ್ತು ದಾಟಿದ ಕಂಠ, ಮಂದ್ರಕ್ಕೆ ಇಳಿದಿದೆ, ಅಲ್ಲಲ್ಲಿ ಒಡೆಯುತ್ತದೆ. ಬಳುಕಿಸುವ ಶಕ್ತಿ ಇಲ್ಲ, ಪದವನ್ನು ಇದ್ದಹಾಗೆ ಇಡುತ್ತಾರೆ. ನೀವು ಪಣಜಿಯ ಆ ಕೋಣೆಯಲ್ಲಿ ಎದುರಿಗೆ ಕೂತು ಪಡೆದ ನಿಕಟತೆ ನಿಮಗೆ ಅವರ ಪ್ಲೇಟುಗಳಲ್ಲಿ ಎಲ್ಲಾದರೂ ಸಿಕ್ಕರೆ ಇದರಲ್ಲೇ ಎಂದು ನನ್ನ ನಂಬಿಕೆ. ಸಿಗದಿದ್ದರೂ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

— ಸಂಪಾದಕ