ಮನಿಯೊಳಗಿನ ವ್ಯಾಪಾರಕ್ಕ ಮಂದಿ ನಂಬಿಕಿ ಹೆಂಗ ಗಳಿಸೂದು? ನನ್ನ ರೊಟ್ಟಿ ಅನುಭವ

ನಿಮ್ಮ ಪ್ರಶ್ನೆ ಓದಿ ಫೋನ್ ಬಾಜೂಕ ಇಟ್ಟು ಸ್ವಲ್ಪ ಹೊತ್ತು ಸುಮ್ನ ಕುಂತೆ. ಗದಗಿನಾಗ ಮನ್ಯಾಗ ಚಟ್ನಿ ಪುಡಿ ಮಾಡಿ ಮಾರ್ತೀರಿ, ಅಂಗಡಿ ಇಲ್ಲ ಬೋರ್ಡ್ ಇಲ್ಲ ಅಂತ ಮಂದಿ ನಂಬವಲ್ರು, ಅದಕ್ಕ ದೊಡ್ಡ ಕಂಪನಿ ಹಂಗ ಕಾಣಾಕ ಲೋಗೋ, ವೆಬ್‌ಸೈಟ್, ಜಿಎಸ್‌ಟಿ ನಂಬರ್, ಬಂಧು ಬಳಗದೋರ ಕಡಿಂದ ನಾಕ ಚಲೋ ರಿವ್ಯೂ, ಇದ್ರಾಗ ಯಾವ್ದು ಮೊದ್ಲ ಮಾಡ್ಲಿ ಅಂತ ಕೇಳೀರಿ. ತಂಗಿ, ಯಾವ್ದೂ ಬ್ಯಾಡ. ಮನಿ ಅನ್ನೂದನ್ನ ಮುಚ್ಚಿಡಬ್ಯಾಡ್ರಿ, ನಿಮ್ಮ ಕಡೆ ಇರೂ ಆಸ್ತಿ ಅದೊಂದ. ಯಾಕ ಹಿಂಗ ಹೇಳ್ತೀನಿ ಅಂದ್ರ, ಮಂದಿ ನನ್ನ ನಂಬಿದ್ರು, ಆ ನಂಬಿಕಿ ನಾನ ಕೈಯಾರ ಕಳಕೊಂಡೆ.

ನಾವು ಹುಬ್ಬಳ್ಳಿ ಉಣಕಲ್ ಕಡೆಯವ್ರು. 2017ರಾಗ ನಮ್ಮನಿಯವ್ರು ಕೆಲಸಕ್ಕ ಹೋಗ್ತಿದ್ದ ಸಣ್ಣ ವರ್ಕ್‌ಶಾಪ್ ಮುಚ್ಚಿತು, ನಾನೂ ನಮ್ಮ ಅತ್ತಿನೂ ಖಡಕ್ ರೊಟ್ಟಿ ಬಡದು ಮಾರಾಕ ಶುರು ಮಾಡಿದ್ವಿ. ಇಬ್ರೂ ಕೂಡಿ ದಿನಕ್ಕ 150 ಬಡೀತಿದ್ವಿ, ಒಂದು ಪಾಕೀಟಿನಾಗ 10, ಜೋಡಿ ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಪಾಕೀಟಿನ ಮ್ಯಾಲೆ ಒಂದು ಚೀಟಿ, ಅದ್ರಾಗ "ಕೈಲೆ ಬಡದ ರೊಟ್ಟಿ" ಅಂತ ನನ್ನ ಮಗಳು ದುಂಡಗ ಬರದಿದ್ಲು, ಅದನ್ನ ಝೆರಾಕ್ಸ್ ಮಾಡಿಸಿ ಹಚ್ತಿದ್ವಿ.

ಧಾರವಾಡ ಮಾಳಮಡ್ಡಿಯೊಳಗ ಒಬ್ರು ರಿಟೈರ್ ಆದ ಅಕ್ಕೋರು ಇದ್ರು, ಸಾಲಿಯಾಗ ಕಲಿಸ್ತಿದ್ರಲ್ಲ, ಇಡೀ ಓಣಿಗೇ ಅಕ್ಕೋರು. ಅವ್ರು ತಾವು ತಗೊಂಡು ಬಾಜೂಮನಿಗೆ ಹೇಳಿ, ಬಾಜೂಮನಿಯವ್ರು ಬೆಂಗಳೂರಿನ ಮಗಳಿಗೆ ಕಳಿಸಿ, ಹಿಂಗ ಒಂದೂವರೆ ವರ್ಷದಾಗ ಆ ಓಣಿಯೊಳಗ 14 ಮನಿ ಆತು. ವಾರಕ್ಕೊಮ್ಮೆ ಚೀಲ ಹಿಡ್ಕೊಂಡು ಬಸ್ ಹತ್ತಿ ಹೋಗ್ತಿದ್ದೆ. ಲೋಗೋ ಇರ್ಲಿಲ್ಲ, ಏನೂ ಇರ್ಲಿಲ್ಲ.

2019ರ ಬಸವ ಜಯಂತಿ ಮುಂದ, ಮದುವಿ ಸೀಸನ್ನು, ಒಬ್ರು ಹೊಸಾ ಗಿರಾಕಿ ಮನಿ ವಾಸ್ತುಶಾಂತಿಗೆ 1000 ರೊಟ್ಟಿ ಹೇಳಿದ್ರು, ನಾಕ ದಿನ ಟೈಮು. ಲೆಕ್ಕ ಹಾಕಿದ್ರ ಆಗೂ ಮಾತಲ್ಲ, ಆದ್ರ ಬಂದ ದೊಡ್ಡ ಆರ್ಡರ್ ಬಿಡಾಕ ಮನಸ್ಸು ಒಪ್ಲಿಲ್ಲ. ಮಷಿನ್ ಇಟ್ಟು ರೊಟ್ಟಿ ಮಾಡೂ ಒಂದು ಕಡಿಂದ 600 ರೊಟ್ಟಿ ತಂದೆ, ಒಂದಕ್ಕ ನಾಕ ರೂಪಾಯಿ. ನಾನು ಮಾರ್ತಿದ್ದದ್ದು ಏಳು ರೂಪಾಯಿಗೆ.

ಇಲ್ಲಿ ಸ್ವಲ್ಪ ನಿಂದ್ರಬೇಕು, ಯಾಕಂದ್ರ ನನ್ನ ತಪ್ಪು ಏನು ಅಂತ ನನಗ ತಿಳಿಯಾಕ ವರ್ಷ ಹಿಡೀತು. ಮಷಿನ್ ರೊಟ್ಟಿ ತಂದದ್ದು ತಪ್ಪಲ್ಲ. ಅವು ಕೆಟ್ಟ ರೊಟ್ಟಿ ಅಲ್ಲ, ಜೋಳ ಅದ, ಬೇಯಿಸೂದೂ ಚಲೋ. ರೇಟು ಜಾಸ್ತಿ ಹಚ್ಚಿದ್ದೂ ಅಷ್ಟು ದೊಡ್ಡ ತಪ್ಪಲ್ಲ. ನಾ ಏನ್ ಮಾಡ್ದೆ ಅಂದ್ರ, ಕೈಲೆ ಬಡದವೆಲ್ಲಾ ಆರಿಸಿ ಆ ಹೊಸಾ ಗಿರಾಕಿಗೆ ಕೊಟ್ಟೆ, ಅವ್ರಿಂದ ಮುಂದ ಇನ್ನ ಆರ್ಡರ್ ಬರ್ತಾವ ಅಂತ. ಅಲ್ಲಿ ಕಡಿಮಿ ಬಿದ್ದಷ್ಟು ಮಷಿನಿನವು ಸೇರಿಸ್ದೆ, ಉಳದ ಮಷಿನ್ ರೊಟ್ಟಿ ಅದ ಹಳೇ ಚೀಟಿ ಹಚ್ಚಿ ನನ್ನ ಕಾಯಂ ಗಿರಾಕಿಗೋಳಿಗೆ ಕಳಿಸ್ದೆ. ಹಳೇ ಮಂದಿ ಅದಾರ, ನಂಬ್ಯಾರ, ಬಿಚ್ಚಿ ನೋಡಂಗಿಲ್ಲ, ಒಂದು ವಾರದ ಮಾತು ಅಂತ ನನಗ ನಾನ ಹೇಳ್ಕೊಂಡೆ. ಅಂದ್ರ ಯಾರು ನನ್ನ ನಂಬಿದ್ರೋ ಅವ್ರು ನಂಬ್ಯಾರ ಅನ್ನೂ ಕಾರಣಕ್ಕನ ಅವ್ರಿಗೆ ಮೋಸ ಮಾಡ್ದೆ. ನಮ್ಮ ಅತ್ತಿ ಚೀಟಿ ಹಚ್ಚೂವಾಗ ಒಂದು ಸಲ ನನ್ನ ಮುಖ ನೋಡಿದ್ರು, ಏನೂ ಅನ್ಲಿಲ್ಲ. ಅವತ್ತ ಅವ್ರು ಬಾಯಿ ಬಿಟ್ಟು ಬೈದಿದ್ರ ಎಷ್ಟ ಚಲೋ ಇತ್ತು ಅಂತ ಈಗೂ ಅನಸ್ತೈತಿ.

ಮೂರನೇ ದಿನ ಅಕ್ಕೋರ ಫೋನ್ ಬಂತು. "ಯವ್ವಾ, ಈ ರೊಟ್ಟಿ ಯಾರು ಮಾಡ್ಯಾರ?"

"ನಾನ ರೀ ಅಕ್ಕೋರೆ, ಯಾಕ್ರೀ?"

"ನಿನ್ನ ಕೈಯಾಗಿನ ರೊಟ್ಟಿ ಹಿಂಗ ಇರಂಗಿಲ್ಲಲ್ಲ."

"ಹೊಸಾ ಹಂಚು ತಂದೀವ್ರೀ, ಅದಕ್ಕ ಹಂಗ ಆಗಿರಬೇಕು."

"ಆತು ಬಿಡವಾ" ಅಂದು ಫೋನ್ ಇಟ್ರು. ಆ ಹಂಚಿನ ಮಾತು ನನಗ ಎಲ್ಲಿಂದ ಬಂತೋ, ಬಾಯಿ ತಗದ ಕೂಡ್ಲೆ ಬಂದುಬಿಡ್ತು. ಖರೇ ಹೇಳಾಕ ದೇವರು ಒಂದು ಅವಕಾಶ ಕೊಟ್ಟಿದ್ದ, ಅದನ್ನೂ ಬಿಟ್ಟೆ.

ಮುಂದಿನ ವಾರ ಅಕ್ಕೋರು "ಈ ಸಲ ಬ್ಯಾಡವಾ, ಇನ್ನೂ ಅದಾವ" ಅಂದ್ರು. ಅದರ ಮುಂದಿನ ವಾರ ಬಾಜೂಮನಿಯವ್ರು. ಎರಡು ತಿಂಗಳದಾಗ 14 ಮನಿಯೊಳಗ ಉಳದದ್ದು ಮೂರು. ಯಾರೂ ಜಗಳ ಮಾಡ್ಲಿಲ್ಲ, ರೊಕ್ಕ ವಾಪಸ್ ಕೇಳ್ಲಿಲ್ಲ, ಬೈದು ಮೆಸೇಜ್ ಹಾಕ್ಲಿಲ್ಲ. ಜಗಳ ಮಾಡೂ ಗಿರಾಕಿ ಇನ್ನೂ ನಿಮ್ಮ ಮ್ಯಾಲೆ ಆಸೆ ಇಟ್ಟಿರ್ತಾನ್ರಿ. ಸುಮ್ನ ಆದವ್ರನ್ನ ನೋಡಿದ್ರ ಹೆದರಬೇಕು. ತಿಂಗಳಾ 18 ಸಾವಿರ ಬರ್ತಿದ್ದದ್ದು 7 ಸಾವಿರಕ್ಕ ಇಳೀತು. ಆ ವಾಸ್ತುಶಾಂತಿ ಗಿರಾಕಿ ಮತ್ತ ಒಂದು ರೊಟ್ಟಿನೂ ಹೇಳ್ಲಿಲ್ಲ, ಅದು ಬ್ಯಾರೆ ಮಾತು.

ದೀಪಾವಳಿ ಮುಗಿದ ಮ್ಯಾಲೆ ತಡಕೊಳ್ಳಾಕ ಆಗ್ಲಿಲ್ಲ, ಅಕ್ಕೋರ ಮನಿಗೆ ಹೋಗಿ ಇದ್ದದ್ದು ಇದ್ದಂಗ ಹೇಳಿಬಿಟ್ಟೆ. ನಾ ಒಂದು ಪಾಕೀಟು ತಗೊಂಡು ಹೋಗಿದ್ದೆ, ಅವ್ರು ಅದ್ರಾಗಿಂದ ಒಂದು ರೊಟ್ಟಿ ತಗದು ಕಿಡಕಿ ಬೆಳಕಿಗೆ ಹಿಡದ್ರು. ಅಂಚಿನ್ಯಾಗ ಸಣ್ಣ ಸಣ್ಣ ಸೀಳು, ಒಂದು ಕಡೆ ದಪ್ಪ ಒಂದು ಕಡೆ ತೆಳು, ನಡುವ ಬೆರಳು ಊರಿದ ಗುರುತು, ಮ್ಯಾಲೆ ನೀರ ಬಟ್ಟಿ ಸವರಿದ ಗೆರಿ. "ಇದು ನಿನ್ನ ರೊಟ್ಟಿ. ಅವು ಬಟ್ಟಲಾ ಇಟ್ಟು ಕೊರದಂಗ ದುಂಡಗಿದ್ವು. ಮಷಿನಿಂದು ಅಂತ ಹೇಳಿದ್ರ ತಗೋತಿದ್ದೆ, ರೇಟು ಕಡಿಮಿ ಮಾಡು ಅಂತಿದ್ದೆ ಅಷ್ಟ. ಹಂಚಿನ ಕತಿ ಹೇಳ್ದಿ ನೋಡು, ಅವತ್ತಿಂದ ನಿನ್ನ ಚಟ್ನಿ ಪುಡಿ ಬಾಯಾಗ ಇಟ್ರೂ ಇದ್ರಾಗ ಏನ್ ಹಾಕ್ಯಾಳೋ ಅನಸಾಕತ್ತು" ಅಂದ್ರು. ರೊಟ್ಟಿಗೆ ಹೇಳಿದ ಸುಳ್ಳು ಚಟ್ನಿಗೂ ಹತ್ತಿತ್ತು.

ಈಗ ನಿಮ್ಮ ಮಾತಿಗೆ ಬರ್ತೀನಿ. ನಿಮ್ಮ ಪ್ರಶ್ನೆಯೊಳಗ "ಶುದ್ಧ ಬ್ಯಾಡಗಿ ಮೆಣಸಿನಕಾಯಿ" ಅಂತ ಪಾಕೀಟಿನ ಮ್ಯಾಲೆ ಹಾಕ್ತೀನಿ ಅಂತ ಬರದೀರಿ. ನನ್ನ ಕಣ್ಣು ಅಲ್ಲೇ ನಿಂತದ್ದು. ಹಾಕ್ರಿ, ಖರೇನ ಬರೇ ಬ್ಯಾಡಗಿ ಹಾಕ್ತಿದ್ರ ಮಾತ್ರ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮಿ, 2011ರಾಗ ಜಿಐ ಟ್ಯಾಗ್‌ನೂ (ಇಂಥಾ ಊರಿನ ಮಾಲು ಅನ್ನೂ ಸರ್ಕಾರದ ಗುರುತು) ಸಿಕ್ಕೈತಿ, ನಮ್ಮ ಕಡೆ ಹೆಣ್ಮಕ್ಳಿಗೆ ಆ ಬಣ್ಣ, ಆ ವಾಸನಿ ಹೇಳಿಕೊಡೂದು ಬೇಕಾಗಿಲ್ಲ. ಖಾರಕ್ಕ ಅಂತ ಸ್ವಲ್ಪ ಗುಂಟೂರು ಕೂಡಿಸ್ತೀರಿ ಅಂದ್ರ "ಬ್ಯಾಡಗಿ, ಗುಂಟೂರು ಎರಡೂ ಕೂಡ್ಸಿ ಮಾಡಿದ್ದು" ಅಂತ ಬರೀರಿ. ಮಾರಾಟ ಏನೂ ಕಡಿಮಿ ಆಗಂಗಿಲ್ಲ.

ಬಂಧು ಬಳಗದ ರಿವ್ಯೂ ಅಂತೂ ಬ್ಯಾಡವೇ ಬ್ಯಾಡ. ಗದಗ ಎಷ್ಟು ದೊಡ್ಡ ಊರು? ನಿಮ್ಮ ನಾದಿನಿ ಅಂತ ಒಬ್ರಿಗೆ ಗೊತ್ತಾದ್ರ ಸಂಜೀಕ ಊರಿಗೆಲ್ಲಾ ಗೊತ್ತು. ಜಿಎಸ್‌ಟಿ ತೆರಿಗಿ ವಿಷಯ, ಅದು ನಿಮಗ ಬೇಕೋ ಬ್ಯಾಡೋ ಅಂತ ಲೆಕ್ಕ ನೋಡೂ ಅಕೌಂಟೆಂಟ್‌ನ ಕೇಳ್ರಿ, ಮಂದಿಗೆ ತೋರಸಾಕ ಅಂತ ಮಾಡಿಸಬ್ಯಾಡ್ರಿ. ಫುಡ್ ಲೈಸನ್ಸ್ ಮಾತ್ರ ಬಿಡಬ್ಯಾಡ್ರಿ, ಮನ್ಯಾಗ ಮಾಡಿದ್ರೂ ಕಾನೂನು ಪ್ರಕಾರ ಬೇಕ ಬೇಕು. ನಾ 2020ರಾಗ ಮಾಡಿಸ್ದೆ, ಆವಾಗ ವರ್ಷಕ್ಕ 12 ಲಕ್ಷದೊಳಗ ವಹಿವಾಟು ಇದ್ದೋರಿಗೆ ಬರೇ ರಿಜಿಸ್ಟ್ರೇಷನ್, ಫೀ ವರ್ಷಕ್ಕ 100 ರೂಪಾಯಿ, 14 ಅಂಕಿ ನಂಬರ್ ಕೊಡ್ತಾರ. ಈಗಿನ ನಿಯಮ ಎಫ್‌ಎಸ್‌ಎಸ್‌ಎಐ ಅಂದ್ರ ಆಹಾರ ಸುರಕ್ಷತೆ ನೋಡೂ ಕೇಂದ್ರ ಸರ್ಕಾರದ ಸಂಸ್ಥೆ, ಅವ್ರ ಫಾಸ್ಕಾಸ್ ಅನ್ನೂ ಲೈಸನ್ಸ್ ವೆಬ್‌ಸೈಟಿನಾಗ ನೋಡ್ಕೊಂಡು ನೀವ ಅರ್ಜಿ ಹಾಕ್ರಿ, ಏಜೆಂಟಿಗೆ ಸಾವಿರಗಟ್ಟಲೆ ಕೊಡೂದು ಬ್ಯಾಡ.

ಇನ್ನೊಂದು, ಅಗಸಿ, ಶೇಂಗಾ ಎರಡೂ ಎಣ್ಣಿ ಕಾಳು, ಕುಟ್ಟಿದ ಮ್ಯಾಲೆ ಲಗೂನ ಕಮಟು ಹಿಡೀತಾವ. ಹುರದು ಪೂರ್ತಿ ಆರಿದ ಮ್ಯಾಲೆ ಕುಟ್ರಿ, ಐದೈದು ಕಿಲೋ ಮಾಡಿ ಇಡಬ್ಯಾಡ್ರಿ, ಮಾಡಿದ ತಾರೀಖು ಕಾಣೂವಂಗ ಬರೀರಿ, ಮನಿ ಅಡ್ರೆಸ್ಸೂ ಪೂರ್ತಿ ಬರೀರಿ. ಬಂದು ನೋಡ್ತೀನಿ ಅಂದವ್ರನ್ನ ಅಡಗಿಮನಿತನಕ ಕರೀರಿ.

ನಾವು ಈಗ ಎರಡು ಥರ ಪಾಕೀಟು ಮಾಡ್ತೀವಿ. ಒಂದ್ರ ಮ್ಯಾಲೆ "ಕೈಲೆ ಬಡದದ್ದು", ಇನ್ನೊಂದ್ರ ಮ್ಯಾಲೆ "ಮಷಿನ್ ರೊಟ್ಟಿ", ರೇಟು ಬ್ಯಾರೆ ಬ್ಯಾರೆ. ನಮ್ಮ ಓಣಿಯ ಇಬ್ರು ಹೆಣ್ಮಕ್ಳು ಕೂಡ ಬಡೀತಾರ, ಯಾರು ಬಡದಾರೋ ಅವ್ರ ಹೆಸರು ಪೆನ್ನಿಲೆ ಬರೀತೀವಿ. ಅಕ್ಕೋರು ಒಂದು ವರ್ಷ ಬರೇ ಗುರೆಳ್ಳ ಚಟ್ನಿ ತಗೊಂಡ್ರು, ಅದೂ ನೂರು ಗ್ರಾಂ. ಆಮ್ಯಾಲೆ ಒಂದು ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೇಳಿದ್ರು. 14 ಮನಿಯೊಳಗ ಒಂಬತ್ತು ತಿರುಗಿ ಬಂದಾವ, ಎರಡು ಇನ್ನೂ ಬಂದಿಲ್ಲ. ಅವ್ರು ಕಂಡ್ರ ನಮಸ್ಕಾರ ಮಾಡ್ತೀನಿ, ರೊಟ್ಟಿ ಮಾತು ತಗಿಯಂಗಿಲ್ಲ.

ಫುಡ್ ಲೈಸನ್ಸ್ ಅರ್ಜಿ ತುಂಬೂವಾಗ ಎಲ್ಲೆರ ತಿಳೀಲಿಲ್ಲ ಅಂದ್ರ ಇಲ್ಲೇ ಕೆಳಗ ಕೇಳ್ರಿ, ರಾತ್ರಿ ಒಲಿ ಆರಿಸಿದ ಮ್ಯಾಲೆ ನೋಡಿ ಹೇಳ್ತೀನಿ.