ಮನೇಲಿ ಚೆನ್ನಾಗಿ ಅಡುಗೆ ಮಾಡೋ ಮಗಳಿಗೆ ಪ್ರಾಕ್ಟಿಕಲ್‌ನಲ್ಲಿ ಅಂಕ ಯಾಕೆ ಕಡಿಮೆ?

ಸಿಬಿಎಸ್‌ಇ ಹತ್ತನೇ ತರಗತಿಯ ಫುಡ್ ಪ್ರೊಡಕ್ಷನ್ (ಅಡುಗೆ ತಯಾರಿಕೆ) ವಿಷಯದಲ್ಲಿ ನಿಮ್ಮ ಮಗಳಿಗೆ ಅಂಕ ಹೋಗ್ತಿರೋದು ರುಚಿಯಿಂದಲ್ಲ, ಬಹುಶಃ ಕಣ್ಣಳತೆಯಿಂದ. ನನ್ನ ಮಗನಿಗೂ ಹೀಗೇ ಆಗಿತ್ತು. 100ರಲ್ಲಿ 50 ಅಂಕ ಪ್ರಾಕ್ಟಿಕಲ್‌ದೇ, ಬಿಡೋ ಹಾಗಿಲ್ಲ.

ಮೊದಲು ಹೆಚ್ಚೋದು ತಿದ್ದಿ. ಈಳಿಗೆಮಣೆಗೆ ಪಳಗಿದ ಕೈ ಚಾಕುವಿಗೆ ಬೇಗ ಒಗ್ಗಲ್ಲ. ಕಟಿಂಗ್ ಬೋರ್ಡ್ ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಲಿ. ಜೂಲಿಯೆನ್ ಅಂದ್ರೆ ತರಕಾರಿನ ಬೆಂಕಿಕಡ್ಡಿಯ ಹಾಗೆ ಹೆಚ್ಚೋದು: ಸುಮಾರು 3 ಮಿಲಿಮೀಟರ್ ದಪ್ಪ, 5 ಸೆಂಟಿಮೀಟರ್ ಉದ್ದ. ಪಕ್ಕದಲ್ಲಿ ಸ್ಕೇಲ್ ಇಟ್ಕೊಂಡೇ ಒಂದು ವಾರ ಕ್ಯಾರೆಟ್ ಹೆಚ್ಚಲಿ. ಕೋಸಂಬರಿಗಂತೂ ಆಗುತ್ತೆ!

ಆಮೇಲೆ, ಉಪ್ಪು ಸಮೇತ ಎಲ್ಲ ತೂಗಿ ಬಟ್ಟಲಿಗೆ ಹಾಕಿಟ್ಟೇ ಒಲೆ ಹಚ್ಚೋ ಅಭ್ಯಾಸ ಮಾಡಿಸಿ. ರೆಕಾರ್ಡ್ ಬುಕ್ಕಲ್ಲಿ ಅದೇ ತೂಕ ಬರೀಲಿ.

ಪರೀಕ್ಷಕರು ಯಾವುದಕ್ಕೆ ಎಷ್ಟು ಕಳೆದರೋ ಇಲ್ಲಿಂದ ಹೇಳೋಕಾಗಲ್ಲ. ನಾಳೆ ಟೀಚರ್ ಹತ್ತಿರ ಅಂಕ ಹಂಚಿಕೆ ಕೇಳಿ.