ಇಷಾಪುರದ ಕೋವಿ, ಓಹಾಯೋದ ಗ್ಯಾರೇಜು

ತಮ್ಮಾ,

ನೀನು ಅಣ್ಣಾ ಅಂತ ಬರೆದಿದ್ದೀಯ, ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ಕೊಲಂಬಸ್‌ಗೆ ಬಂದು ಐದು ತಿಂಗಳಾಯಿತು, ನಿನಗೆ ಎಚ್-1ಬಿ ಅನ್ನುವ ಕೆಲಸದ ವೀಸಾ, ಹೆಂಡತಿಗೆ ಅದರ ಜೊತೆಗೆ ಸಿಗುವ ಎಚ್-4. ಆಫೀಸಿನ ಗೆಳೆಯನೊಬ್ಬ ತನ್ನ ಹಳೇ ಮಿಲಿಟರಿ ರೈಫಲ್ ತೋರಿಸಿದ, ಆವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ ಅಂದಿದ್ದೀಯ. ಅಂಥದ್ದೊಂದು ಕೊಂಡು, ಅದರ ಮರದ ಭಾಗ ಬದಲಿಸಿ, ಗುರಿ ಹಿಡಿಯುವ ದುರ್ಬೀನು, ಅಂದರೆ ಸ್ಕೋಪ್, ಕೂರಿಸಿ ನನ್ನದೇ ಥರ ಮಾಡಿಕೊಳ್ಳಬಹುದಾ, ಇಲ್ಲಿ ಇದೆಲ್ಲ ಸುಲಭವಂತಲ್ವಾ ಅಂತ ಕೇಳಿದ್ದೀಯ.

ಸುಲಭವೇ. ಆದರೆ ನಿನಗಲ್ಲ, ಈಗಂತೂ ಅಲ್ಲ.

ಬೇಜಾರಾದರೂ ಮೊದಲು ಇದನ್ನು ಕೇಳಿಕೋ. ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1 ಇಂಥ ವೀಸಾದಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು, ಓಹಾಯೋ ಏನು ಹೇಳುತ್ತದೆ ಅನ್ನುವುದು ಆಮೇಲಿನ ಮಾತು. ಇಟ್ಟುಕೊಳ್ಳುವುದು ಅಂದರೆ ಮನೆಯ ಕಪಾಟಿನಲ್ಲಿ ಅಂತ ಮಾತ್ರ ಅಲ್ಲ. ಗೆಳೆಯ ಗುಂಡು ಹೊಡೆಯುವ ಮೈದಾನದಲ್ಲಿ, ಅಂದರೆ ರೇಂಜ್‌ನಲ್ಲಿ, 'ಒಂದು ಈಡು ಹೊಡೆದು ನೋಡು' ಅಂತ ಕೈಗೆ ಕೊಟ್ಟರೆ, ನೀನು ಹಿಡಿದುಕೊಂಡ ಆ ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸಿಕ್ಕಿಬಿದ್ದರೆ ಹದಿನೈದು ವರ್ಷದವರೆಗೆ ಜೈಲು. 2022ಕ್ಕೆ ಮೊದಲು ಹತ್ತು ಇತ್ತು, ಆ ವರ್ಷ ಏರಿಸಿದರು. ಅದರ ಮೇಲೆ ಗಡೀಪಾರು ಬೇರೆ.

ಒಂದು ವಿನಾಯಿತಿ ಇದೆ. ಇಲ್ಲಿನ ಸರ್ಕಾರ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಈ ದಾರಿ ಹಿಡಿದವರು ನಮ್ಮವರಲ್ಲೂ ಇದ್ದಾರೆ. ನಾನು ಹಿಡಿಯಲಿಲ್ಲ. ಲೈಸೆನ್ಸಿನ ಅವಧಿ ಮುಗಿದ ಮಾರನೇ ದಿನವೇ ಮನೆಯಲ್ಲಿರುವ ರೈಫಲ್ ಅಪರಾಧವಾಗುತ್ತದೆ. ನವೀಕರಿಸುವುದು ಮರೆತು ಹೋಯಿತು ಅಂತ ಯಾರ ಮುಂದೆ ಹೇಳುತ್ತೀ? ನಾನು ಮನೆಯ ಕರೆಂಟ್ ಬಿಲ್ಲನ್ನೇ ಎರಡು ಸಲ ಮರೆತವನು. ನಿನಗೆ ಧೈರ್ಯ ಇದ್ದರೆ ಮೊದಲು ವಲಸೆ ವಕೀಲರ ಹತ್ತಿರ ದುಡ್ಡು ಕೊಟ್ಟು ಕೇಳು. ನನ್ನ ಮಾತನ್ನೋ, ವೀಕೆಂಡ್ ಊಟದಲ್ಲಿ ಸಿಕ್ಕವರ ಮಾತನ್ನೋ ನಂಬಿ ಇಳಿಯಬೇಡ.

ನಾನು ಬಂದದ್ದು 2007ರಲ್ಲಿ. ಗ್ರೀನ್ ಕಾರ್ಡ್ ಕೈಗೆ ಬಂದದ್ದು 2019ರಲ್ಲಿ. ಹನ್ನೆರಡು ವರ್ಷ ಬರೀ ನೋಡಿದೆ. ಕಾರ್ಡ್ ಬಂದ ಮೂರನೇ ವಾರ ಅಂಗಡಿಗೆ ಹೋಗಿ 4473 ಅನ್ನುವ ಫಾರಂ ತುಂಬಿದೆ. ಅದರಲ್ಲಿ ಗ್ರೀನ್ ಕಾರ್ಡಿನ ನಂಬರ್ ಬರೆಯಬೇಕು. ಗಾಂಜಾ ಸೇದುತ್ತೀಯಾ ಅಂತಲೂ ಕೇಳುತ್ತಾರೆ. ಓಹಾಯೋದಲ್ಲಿ 2023ರಿಂದ ಗಾಂಜಾ ಕಾನೂನುಬದ್ಧ, ಆದರೆ ಫೆಡರಲ್ ಲೆಕ್ಕದಲ್ಲಿ ಇವತ್ತಿಗೂ ಅಲ್ಲ. ಅಲ್ಲಿ ಸುಳ್ಳು ಬರೆದರೆ ಅದೇ ಒಂದು ಕೇಸು. ಅಂಗಡಿಯವನು ಎಫ್‌ಬಿಐನ ತಪಾಸಣೆಗೆ ನನ್ನ ಹೆಸರು ಕಳಿಸಿ, ಕಾಫಿ ಕುಡಿಯಿರಿ ಅಂದ. ಕಾಫಿ ಮುಗಿಯುವಷ್ಟರಲ್ಲಿ ಉತ್ತರ ಬಂತು. ಹನ್ನೆರಡು ವರ್ಷ ಕಾದವನಿಗೆ ಆ ಹತ್ತು ನಿಮಿಷ ಒಂಥರಾ ಮೋಸ ಅನ್ನಿಸಿತು.

ಯಾವ ರೈಫಲ್ ಅಂತ ಕೇಳುತ್ತೀಯಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ನಾನು ತೀರ್ಥಹಳ್ಳಿ ಕಡೆಯವನು, ಕಾಲೇಜಿನಲ್ಲಿ ಎನ್‌ಸಿಸಿ. ನೀನೂ ಎನ್‌ಸಿಸಿಯಲ್ಲಿ ಇದ್ದಿದ್ದರೆ ಗೊತ್ತಿರುತ್ತದೆ, ಡ್ರಿಲ್‌ಗೆ ಕೊಡುತ್ತಿದ್ದದ್ದು ತ್ರೀ ನಾಟ್ ತ್ರೀ, ಅಂದರೆ .303 ಅಳತೆಯ ಹಳೇ ಸೇನಾ ರೈಫಲ್. ನಾಲ್ಕು ಕೆಜಿ ಭಾರ. ಗುಂಡು ಹಾರದ ಹಾಗೆ ಮಾಡಿಟ್ಟದ್ದು. 'ಬಾಜೂ ಶಸ್ತ್ರ', 'ಸಲಾಮಿ ಶಸ್ತ್ರ' ಅಂತ ಅದನ್ನು ಎತ್ತಿ ಇಳಿಸಿ ಭುಜ ನೀಲಿಗಟ್ಟುತ್ತಿತ್ತು. ಹೊಡೆಯುವುದಕ್ಕೆ ಕೊಡುತ್ತಿದ್ದದ್ದು ಮಾತ್ರ ಪುಟ್ಟ ಪಾಯಿಂಟ್ ಟೂಟೂ (.22) ರೈಫಲ್. ಆ ದೊಡ್ಡದರಲ್ಲಿ ಒಂದೇ ಒಂದು ಈಡು ಹೊಡೆಯಬೇಕು ಅನ್ನುವ ಆಸೆ ಉಳಿದೇ ಹೋಗಿತ್ತು. ನಮ್ಮ ದೇಶದಲ್ಲಿ .303 ಜನಸಾಮಾನ್ಯರಿಗೆ ಕೊಡುವ ಅಳತೆಯೇ ಅಲ್ಲ.

ಆ ಅಂಗಡಿಯ ಮೂಲೆಯಲ್ಲಿ ಐದಾರು ಹಳೇ ರೈಫಲ್ ಒರಗಿಸಿಟ್ಟಿದ್ದರು. ಒಂದರ ಮೂತಿ ನೋಡಿದ ಕೂಡಲೇ ಗುರುತು ಸಿಕ್ಕಿತು. ಕೈಗೆತ್ತಿಕೊಂಡು ಬೋಲ್ಟಿನ, ಅಂದರೆ ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಕೊಂಡಿಯ, ಹಿಡಿ ಕೂರುವ ಜಾಗದ ಕೆಳಗೆ ಪಟ್ಟಿಯ ಮೇಲೆ ನೋಡಿದರೆ ಕೆತ್ತನೆ: ಆರ್.ಎಫ್.ಐ., 2ಎ1, 1966. ರೈಫಲ್ ಫ್ಯಾಕ್ಟರಿ ಇಷಾಪುರ. ಕೊಲ್ಕತ್ತಾ ಪಕ್ಕ ಹೂಗ್ಲಿ ದಂಡೆಯ ಕಾರ್ಖಾನೆ. ನನಗಿಂತ ಎಷ್ಟೋ ವರ್ಷ ಮೊದಲೇ ಅಮೆರಿಕಕ್ಕೆ ಬಂದು ಕೂತಿತ್ತು. ಆಮದು ಮಾಡಿ ತಂದವರು ನಳಿಗೆಯ ಮೇಲೆ ಸಣ್ಣಕ್ಷರದಲ್ಲಿ ತಮ್ಮ ಹೆಸರು ಹೊಡೆದಿದ್ದರು, ಪಾಸ್‌ಪೋರ್ಟಿನ ಮುದ್ರೆಯ ಹಾಗೆ. ಅದಕ್ಕೆ ನಮ್ಮ ಹಾಗೆ ಗ್ರೀನ್ ಕಾರ್ಡಿನ ಸರದಿಯ ಪ್ರಯಾರಿಟಿ ಡೇಟ್ ಕಾಯುವ ಗೋಳು ಇರಲಿಲ್ಲ ನೋಡು.

ಅದು ನೋಡುವುದಕ್ಕೆ ಎನ್‌ಸಿಸಿಯ ತ್ರೀ ನಾಟ್ ತ್ರೀಯೇ, ಒಳಗೆ ಬೇರೆ. 1962ರ ಚೀನಾ ಯುದ್ಧದ ನಂತರ ನಮ್ಮ ಸೇನೆ 7.62 ನ್ಯಾಟೋ ಗುಂಡಿಗೆ ಬದಲಾಗುತ್ತಿತ್ತು. ತಾನೇ ಗುಂಡು ತುಂಬಿಕೊಳ್ಳುವ ಹೊಸ ಎಸ್‌ಎಲ್‌ಆರ್ ರೈಫಲ್ ಎಲ್ಲರಿಗೂ ಸಾಲುವಷ್ಟು ತಯಾರಾಗಿರಲಿಲ್ಲ. ಆಗ ಇಷಾಪುರದವರು ತಮಗೆ ಕೈ ಪಳಗಿದ್ದ ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್ ಅನ್ನೇ ಹೊಸ ಗುಂಡಿಗೆ ಹೊಂದಿಸಿದರು. ಗಟ್ಟಿ ಉಕ್ಕು ಹಾಕಿದರು, ಚೌಕಾಕಾರದ ಹನ್ನೆರಡು ಗುಂಡಿನ ಮ್ಯಾಗಜೀನ್ ಇಟ್ಟರು. ಮುಂದಿನ ಮರ ಸೀಳಬಾರದು ಅಂತ ಅಡ್ಡಕ್ಕೆ ಒಂದು ಸ್ಕ್ರೂ ಹೊಡೆದರು. ನೋಡುವುದಕ್ಕೆ ಬಡಗಿ ಆಮೇಲೆ ನೆನಪು ಮಾಡಿಕೊಂಡು ಹೊಡೆದ ಹಾಗಿದೆ. ನನಗೆ ಆ ರೈಫಲ್‌ನಲ್ಲಿ ಎಲ್ಲಕ್ಕಿಂತ ಇಷ್ಟ ಆ ಸ್ಕ್ರೂ.

ಈಗ ನೀನು ಕೇಳಿದ 'ನನ್ನದೇ ಥರ ಮಾಡಿಕೊಳ್ಳುವ' ವಿಷಯ. ಇಲ್ಲಿ ನನ್ನ ಪೆದ್ದುತನವನ್ನೇ ಹೇಳುತ್ತೇನೆ.

ಮನೆಗೆ ತಂದ ರಾತ್ರಿಯೇ ಮರವನ್ನೆಲ್ಲ ಬಿಚ್ಚಿ ಹೊಳಪು ಕೊಡಬೇಕು ಅಂತ ಕೂತೆ. ಭುಜಕ್ಕೆ ಒತ್ತಿಕೊಳ್ಳುತ್ತೀವಲ್ಲ, ಆ ಹಿಂದಿನ ಮರ ಒಂದೇ ಒಂದು ಉದ್ದ ಬೋಲ್ಟಿನಿಂದ ನಿಂತಿದೆ (ಇದು ಗುಂಡು ಮುಚ್ಚುವ ಬೋಲ್ಟಲ್ಲ, ಉದ್ದ ಸ್ಕ್ರೂ). ಉದ್ದದ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದೆ. ಬಿಗಿ ಇತ್ತು. ಇನ್ನೂ ಬಲ ಹಾಕಿದೆ. ಮುಂದಿನ ಮರದೊಳಗಿಂದ 'ಚಟ್' ಅಂತ ಶಬ್ದ ಬಂತು. ಆ ಬೋಲ್ಟಿನ ತುದಿ ಚೌಕ. ಮುಂದಿನ ಮರದ ಬುಡದಲ್ಲಿರುವ ಒಂದು ತಗಡು ಅದನ್ನು ತಿರುಗದ ಹಾಗೆ ಹಿಡಿದುಕೊಂಡಿರುತ್ತದೆ. ಮೊದಲು ಮುಂದಿನ ಮರ ಇಳಿಸಬೇಕು, ಆಮೇಲೆ ಹಿಂದಿನದು. ಈ ರೈಫಲ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿ, ನನಗೊಬ್ಬನಿಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಏನೂ ಆಗದೆ ಬಂದ ಮರ ನನ್ನ ಕೈಯಲ್ಲಿ ಅರ್ಧ ಗಂಟೆಗೆ ಸೀಳಿತು. ಗೋಂದು ಹಾಕಿ ಕಟ್ಟಿ ಕೂರಿಸಿದ್ದೇನೆ. ಬೆರಳಾಡಿಸಿದರೆ ಇವತ್ತಿಗೂ ಕೂದಲೆಳೆಯಷ್ಟು ಗೆರೆ ಸಿಗುತ್ತದೆ.

ಹಿಂದೆ ಇಲ್ಲಿ ಹೀಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೇ ಮಹಾಯುದ್ಧದ ರೈಫಲ್‌ಗಳು ಹತ್ತಿಪ್ಪತ್ತು ಡಾಲರಿಗೆ ಅಂಚೆಯಲ್ಲೇ ಬರುತ್ತಿದ್ದವು. ಕೆನಡಿಯನ್ನು ಕೊಂದ ಇಟಲಿಯ ರೈಫಲ್ ಕೂಡ ಹಾಗೇ ಅಂಚೆಯಲ್ಲಿ ತರಿಸಿದ್ದು, ಸ್ಕೋಪ್ ಸಮೇತ 19.95 ಡಾಲರ್. ಅಂಚೆ ಮಾರಾಟಕ್ಕೆ 1968ರ ಕಾನೂನು ಕಡಿವಾಣ ಹಾಕಿತು. ಅಲ್ಲಿಯವರೆಗೆ ಜಿಂಕೆ ಬೇಟೆಯವರು ಅವನ್ನು ತಂದು ಮುಂದಿನ ಮರ ಕತ್ತರಿಸಿ, ನಳಿಗೆ ಮೊಟಕು ಮಾಡಿ, ಮೇಲೆ ತೂತು ಕೊರೆದು ಸ್ಕೋಪ್ ಹಾಕುತ್ತಿದ್ದರು. ಹೊಸ ಬೇಟೆ ರೈಫಲ್ ಕೊಳ್ಳಲಾಗದವರು ಮಾಡಿಕೊಂಡ ಉಪಾಯ ಅದು, ಅವರನ್ನು ನಾನು ಬೈಯುವುದಿಲ್ಲ. ಆದರೆ ಈಗ ಅದೇ ಕೆಲಸ ಮಾಡುವುದು ಹಳೇ ತೊಟ್ಟಿಮನೆ ಕೊಂಡು ಕಂಬ ಕಿತ್ತು ಟೈಲ್ಸ್ ಹಾಕಿದ ಹಾಗೆ. ಬೆಲೆಯೂ ಅರ್ಧಕ್ಕೆ ಬೀಳುತ್ತದೆ.

ಕಾನೂನಿನಲ್ಲೂ ಒಂದು ಕೊಕ್ಕೆ ಇದೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬಂದೂಕುಗಳನ್ನು ಸಂಗ್ರಹಿಸುವವರಿಗೆ ಮೂರು ವರ್ಷಕ್ಕೆ ಮೂವತ್ತು ಡಾಲರಿನ ಒಂದು ಲೈಸೆನ್ಸ್ ಸಿಗುತ್ತದೆ. ಅದಿದ್ದರೆ ಇಂಥವನ್ನು ಬೇರೆ ರಾಜ್ಯದಿಂದಲೂ ನೇರ ಮನೆಗೇ ತರಿಸಿಕೊಳ್ಳಬಹುದು. ಕತ್ತರಿಸಿ ಕೊರೆದ ರೈಫಲ್‌ಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಇನ್ನು ನಳಿಗೆಯನ್ನು ಹದಿನಾರು ಇಂಚಿಗಿಂತ ಗಿಡ್ಡ ಮಾಡಲು ಹೋದರೆ 1934ರ ಕಾನೂನಿನಡಿ ಮೊದಲೇ ನೋಂದಣಿ ಆಗಿರಬೇಕು, ಇಲ್ಲದಿದ್ದರೆ ಜೈಲು. ಗರಗಸ ಮುಟ್ಟಲೇಬೇಡ.

ಹಾಗಾದರೆ ಮಾಡಲು ಏನಿದೆ ಅಂತೀಯಾ? ಬೇಕಾದಷ್ಟಿದೆ. ಸ್ಕೋಪ್ ಬೇಕೇ ಬೇಕು ಅಂದರೆ ತೂತು ಕೊರೆಯದೆ ಬಿಗಿಯುವ ಮೌಂಟ್ ಸಿಗುತ್ತದೆ, ಬೇಜಾರಾದ ದಿನ ಬಿಚ್ಚಿಡಬಹುದು. ನಾನು ಹಾಕಿ, ಎರಡು ತಿಂಗಳಿಗೆ ಬಿಚ್ಚಿದೆ. ಆ ಕಬ್ಬಿಣದ ಸೈಟ್‌ನಲ್ಲಿ ನೂರು ಗಜ ದೂರದ ಕರಿ ಚುಕ್ಕೆ ಹಿಡಿಯುವುದರಲ್ಲೇ ಮಜಾ ಇರುವುದು. ಮರಕ್ಕೆ ಅಗಸೆ ಎಣ್ಣೆ ಸಾಕು. ವಾರ್ನಿಶ್ ಬೇಡ. ಬೆರಳ ತುದಿಯಲ್ಲಿ ಒಂದು ತೊಟ್ಟು, ಅಂಗೈ ಬಿಸಿಯಾಗುವವರೆಗೆ ಉಜ್ಜು, ಮಾರನೇ ದಿನ ಮತ್ತೆ. ಹತ್ತು ದಿನದಲ್ಲಿ ಮರ ಹಳೇ ಒನಕೆಯ ಬಣ್ಣಕ್ಕೆ ಬರುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬುಟ್ಟಿಗೆ ಹಾಕಬೇಡ. ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಹೊರಗೆ ಒಣಹಾಕು. ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಇದಕ್ಕೇ ಮೀಸಲು. ಹೆಂಡತಿಗೆ ಅದರ ಬಗ್ಗೆ ತಕರಾರು ಇದೆ.

ಹೊಡೆಯುವ ಮೊದಲು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ ಅಳೆಸಲೇಬೇಕು. ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ಗುಂಡು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಳತೆ ಅದು. ಅಂಗಡಿಯ .308 ಗುಂಡು 7.62 ನ್ಯಾಟೋ ಥರವೇ ಕಾಣುತ್ತದೆ, ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ಯಾವುದು ಹಾಕಬಹುದು ಅಂತ ಅವನನ್ನೇ ಕೇಳು. ಅಗ್ಗಕ್ಕೆ ಸಿಗುವ ಹಳೇ ಮಿಲಿಟರಿ ಗುಂಡುಗಳಲ್ಲಿ ಕೆಲವು ನಳಿಗೆಯೊಳಗೆ ಉಪ್ಪು ಬಿಡುತ್ತವೆ. ಆ ಉಪ್ಪು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ನನ್ನ ಕಾಫಿ ಕೆಟಲ್ ಈಗ ಗ್ಯಾರೇಜಿನಲ್ಲಿದೆ, ಅಡುಗೆಮನೆಗೆ ಹೊಸದು ಬಂದಿದೆ.

ಇಲ್ಲಿನ ಬದುಕು ಹೇಗೆ ಅಂತಲೂ ಕೇಳಿದ್ದೀಯ. ಬಂದೂಕು ಇದ್ದರೆ ಬದುಕು ಸ್ವಲ್ಪ ಬೇರೆ ಆಗುತ್ತದೆ. ಮಗಳ ಗೆಳತಿಯ ತಾಯಿ ಆಟಕ್ಕೆ ಕಳಿಸುವ ಮುಂಚೆ 'ನಿಮ್ಮ ಮನೆಯಲ್ಲಿ ಗನ್ ಇದೆಯಾ, ಎಲ್ಲಿಟ್ಟಿದ್ದೀರಿ' ಅಂತ ನೇರ ಕೇಳಿದರು. ನನಗೆ ಅವಮಾನ ಆದಂತಾಯಿತು, ಆಮೇಲೆ ಆ ಪ್ರಶ್ನೆಯೇ ಸರಿ ಅನ್ನಿಸಿತು. ಕರೆದುಕೊಂಡು ಹೋಗಿ ಕಬ್ಬಿಣದ ಸೇಫ್ ತೋರಿಸಿದೆ. ರೈಫಲ್ ಅದರಲ್ಲಿ, ಬೋಲ್ಟು ಬೇರೆ ಕಡೆ, ಗುಂಡು ಇನ್ನೊಂದು ಕಡೆ. ನಮ್ಮ ಕನ್ನಡದವರ ಊಟದ ಕೂಟಗಳಲ್ಲಿ ಮಾತ್ರ ಯಾರೂ ನೇರ ಕೇಳುವುದಿಲ್ಲ. ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತಾ 'ಏನ್ ಸಾರ್, ಪೂರ್ತಿ ಅಮೆರಿಕದವರೇ ಆಗಿಬಿಟ್ರಂತೆ' ಅನ್ನುತ್ತಾರೆ. ಮಲೆನಾಡಿನಲ್ಲಿ ತೋಟ ಇರುವ ಮನೆಯಲ್ಲಿ ಕೋವಿ ಇರುವುದು ಹೊಸತಲ್ಲ, ಕೊಡಗಿನವರು ಕೈಲ್ ಪೊಳ್ದಿಗೆ ಪೂಜೆಯನ್ನೇ ಮಾಡುತ್ತಾರೆ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ಇನ್ನೊಂದು ಮಾತು, ಇದು ಮುಂದೆ ನಿನಗೂ ಬೇಕಾಗುತ್ತದೆ. ರೇಂಜ್‌ಗೆ ಒಯ್ಯುವ ಬ್ಯಾಗು ಬೇರೆಯೇ ಇರಲಿ. 2022ರಲ್ಲಿ ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಮಗಳ ಬಣ್ಣದ ಪೆನ್ಸಿಲ್ ಹುಡುಕುತ್ತಾ ನನ್ನ ಬೆನ್ನಿನ ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದೆ. ತಣ್ಣಗೆ ಬೆರಳಿಗೆ ಸಿಕ್ಕಿತು, ಒಂದು ಜೀವಂತ ಗುಂಡು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಲೈಸೆನ್ಸ್ ಇಲ್ಲದೆ ಒಂದು ಗುಂಡು ಸಿಕ್ಕರೂ ಆಯುಧ ಕಾಯ್ದೆಯ ಕೇಸು. ಆ ರಾತ್ರಿ ಪೆನ್ಸಿಲ್ ಸಿಗಲಿಲ್ಲ, ನಿದ್ದೆಯೂ ಬರಲಿಲ್ಲ.

ಆ ಸಲ ಊರಲ್ಲಿ ಅಪ್ಪನಿಗೆ ರೈಫಲ್‌ನ ಫೋಟೋ ತೋರಿಸಿದೆ. ಅಡಿಕೆ ತೋಟಕ್ಕೆ ಬರುವ ಮಂಗ, ಹಂದಿ ಓಡಿಸಲು ಅವರ ಹತ್ತಿರ ಜೋಡಿ ನಳಿಗೆಯ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಜಮಾ ಮಾಡಿ ರಸೀದಿ ತರುತ್ತಾರೆ. ಫೋಟೋವನ್ನು ಹಿಂದೆ ಮುಂದೆ ಮಾಡಿ ನೋಡಿ, 'ಮರ ಯಾವುದು?' ಅಂದರು. ಗೊತ್ತಿಲ್ಲ ಅಂದೆ. 'ಸೀಳು ಬಿಟ್ಟಿದೆಯಲ್ಲ?' ಅಂದರು. ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, 'ಎಲೆಕ್ಷನ್ ಬಂದರೆ ಎಲ್ಲಿ ಜಮಾ ಮಾಡ್ತೀಯ?' ಅಂತ ಕೇಳಿದರು. ಇಲ್ಲಿ ಜಮಾ ಮಾಡುವ ಪದ್ಧತಿ ಇಲ್ಲ ಅಂದಾಗ ಅವರು ನಂಬಲಿಲ್ಲ, ನಾನೇನೋ ಮುಚ್ಚಿಡುತ್ತಿದ್ದೇನೆ ಅಂದುಕೊಂಡರು.

ನೀನು ಈಗ ಮಾಡಬಹುದಾದ್ದು ಇಷ್ಟು. ಕಾಗದಪತ್ರ ಸರಿ ಇಟ್ಟುಕೋ. ಗೆಳೆಯನ ಜೊತೆ ರೇಂಜ್‌ಗೆ ಹೋದರೆ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿ ಹಿಂದೆ ನಿಂತು ನೋಡು, ಏನನ್ನೂ ಮುಟ್ಟಬೇಡ. ಅಲ್ಲಿ ಬರುವ ಮುದುಕರ ಹತ್ತಿರ ಮಾತಾಡು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು ಇರುತ್ತಾರೆ, ಯಾವ ಸ್ಕ್ರೂ ಮೊದಲು ಬಿಚ್ಚಬೇಕು ಅಂತ ನನಗೆ ಆಮೇಲೆ ಕಲಿಸಿದ್ದು ಅಂಥವರೇ.

ಮತ್ತೆ ಈ ಶನಿವಾರ ಬಿಡುವಿದ್ದರೆ ಮನೆಗೆ ಬಾ. ನನ್ನ ಹತ್ತಿರ ಹಳೇದೊಂದು ಹಿಂದಿನ ಮರ ಬಿಡಿಯಾಗಿ ಬಿದ್ದಿದೆ, ಯಾವ ರೈಫಲ್‌ಗೂ ಸೇರಿಸಿಲ್ಲ. ಅದು ಬರೀ ಮರದ ತುಂಡು, ಮುಟ್ಟಲು ವೀಸಾ ಕೇಳುವುದಿಲ್ಲ. ಎಣ್ಣೆ ಹಚ್ಚುವುದು ತೋರಿಸುತ್ತೇನೆ. ಹೆಂಡತಿಯನ್ನೂ ಕರೆದುಕೊಂಡು ಬಾ, ಮಧ್ಯಾಹ್ನಕ್ಕೆ ನಮ್ಮಲ್ಲೇ ಊಟ, ಕಡುಬು ಮಾಡುತ್ತಾರಂತೆ. ಹಳೇ ಅಂಗಿ ಹಾಕಿಕೊಂಡು ಬಾ, ಅಗಸೆ ಎಣ್ಣೆಯ ಕಲೆ ಏನು ಮಾಡಿದರೂ ಹೋಗುವುದಿಲ್ಲ.